ಬಾಳೆಹಣ್ಣು ಒಳಗೆ, ತಳ್ಳುಗಾಡಿ ಹೊರಗೆ

2019ರ ಸೆಪ್ಟೆಂಬರ್ ಮೊದಲ ವಾರ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲು ಕೆಲವೇ ದಿನ ಬಾಕಿ. ಆಗ ಒಂದು ವಿಡಿಯೋ ಬೆಂಗಳೂರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಗಗನಯಾತ್ರಿಯ ಬಿಳಿ ಉಡುಪು ತೊಟ್ಟ ಒಬ್ಬರು ಕುಳಿ ಬಿದ್ದ ನೆಲದ ಮೇಲೆ ತೇಲಿದ ಹಾಗೆ ಹೆಜ್ಜೆ ಹಾಕುತ್ತಿದ್ದಾರೆ. ನೋಡಿದರೆ ಚಂದ್ರಲೋಕವೇ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ ಹಾದುಹೋಗುತ್ತದೆ. ಇದು ಚಂದ್ರ ಅಲ್ಲ, ಹೇರೋಹಳ್ಳಿ! ಮಾಡಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ನಡೆದವರು ನಟ ಪೂರ್ಣಚಂದ್ರ ಮೈಸೂರು. ವಿಡಿಯೋ ಹಬ್ಬಿದ್ದೇ ತಡ, ಬಿಬಿಎಂಪಿಯವರು ಗುಂಡಿ ಮುಚ್ಚಲು ಬಂದರು. ಅದಕ್ಕೂ ನಾಲ್ಕು ವರ್ಷ ಮೊದಲು, 2015ರಲ್ಲಿ, ಇದೇ ಕಲಾವಿದರು ಸುಲ್ತಾನ್‌ಪಾಳ್ಯದ ಗುಂಡಿಯೊಂದರಲ್ಲಿ ಫೈಬರ್ ಮೊಸಳೆ ತಂದು ಬಿಟ್ಟಿದ್ದರು.

ಅದೇ 2019ರ ಡಿಸೆಂಬರ್. ಅಮೆರಿಕದ ಮಯಾಮಿಯ ಕಲಾಮೇಳದಲ್ಲಿ ಇಟಲಿಯ ಕಲಾವಿದ ಮೌರಿಜಿಯೋ ಕ್ಯಾಟೆಲಾನ್ ಒಂದು ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿದರು. ಹೆಸರು 'ಕಮೀಡಿಯನ್'. ಬೆಲೆ 1.2 ಲಕ್ಷ ಡಾಲರ್. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಅದರ ಒಂದು ಪ್ರತಿ 62 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 50 ಕೋಟಿ ರೂಪಾಯಿಗೂ ಮೇಲೆ. ಕೊಂಡವರು ಒಬ್ಬ ಕ್ರಿಪ್ಟೋ ಉದ್ಯಮಿ. ಕೆಲವೇ ದಿನಗಳಲ್ಲಿ ಅವರು ಹಣ್ಣು ಸುಲಿದು ತಿಂದೂಬಿಟ್ಟರು. ತಿಂದರೆ ನಷ್ಟವೇನಿಲ್ಲ. ಅವರಿಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ ಮತ್ತು ಹಣ್ಣನ್ನು ಹೇಗೆ ಅಂಟಿಸಬೇಕು ಎನ್ನುವ ಸೂಚನೆ. ಹಣ್ಣು ಮಾರ್ಕೆಟ್ಟಿನಿಂದ ಇನ್ನೊಂದು ತಂದರಾಯಿತು.

ಹರಾಜಿನ ದಿನದ ಹಣ್ಣನ್ನು ತಂದಿದ್ದು ಹತ್ತಿರದ ಬೀದಿಬದಿಯ ಹಣ್ಣಿನಂಗಡಿಯಿಂದ. ಬೆಲೆ 35 ಸೆಂಟ್. ಮಾರಿದವರು ಬಾಂಗ್ಲಾದೇಶದಿಂದ ಹೋದ ವಯಸ್ಸಾದ ವ್ಯಾಪಾರಿ. ಆ ಹಣ್ಣು ಎಷ್ಟಕ್ಕೆ ಹೋಯಿತು ಅಂತ ಪತ್ರಕರ್ತರು ತಿಳಿಸಿದಾಗ ಅವರು ಅತ್ತುಬಿಟ್ಟರು ಎಂದು ವರದಿಯಾಯಿತು.

ಗುಂಡಿಯಲ್ಲಿ ನಡೆದ ಗಗನಯಾತ್ರಿ, ಗೋಡೆಗೆ ಅಂಟಿದ ಬಾಳೆಹಣ್ಣು. ಎರಡಕ್ಕೂ ಕುಂಚ ಬೇಕಾಗಲಿಲ್ಲ, ಕ್ಯಾನ್ವಾಸ್ ಬೇಕಾಗಲಿಲ್ಲ. ಎರಡನ್ನೂ ನೋಡಿದ ಜನ ಕೇಳಿದ ಪ್ರಶ್ನೆಯೂ ಒಂದೇ: "ಇದೂ ಕಲೆನಾ?" ನೂರು ವರ್ಷದ ಹಿಂದೆ ಚಿತ್ರವೊಂದರ ಮುಂದೆ ನಿಂತವರು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುತ್ತಿದ್ದರು. ಈಗ ಅದು ಕಲೆ ಹೌದೋ ಅಲ್ಲವೋ ಎನ್ನುವುದೇ ಜಗಳ. ಈ ಬದಲಾವಣೆ ಹೇಗೆ ಬಂತು, ಅದರಿಂದ ಯಾರಿಗೆ ಏನು ಸಿಕ್ಕಿತು ಅಂತ ನೋಡೋಣ. ಪಂಡಿತರು ಇದಕ್ಕೆ ಆಧುನಿಕೋತ್ತರವಾದ, ಅಂದರೆ ಆಧುನಿಕದ ನಂತರ ಬಂದದ್ದು, ಎನ್ನುತ್ತಾರೆ. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ, ನಿಜ. ವಿಷಯ ಮಾತ್ರ ಅಷ್ಟು ಕಷ್ಟದ್ದಲ್ಲ.

ಸೋಪಿನ ಪೆಟ್ಟಿಗೆ

ಕನ್ನಡದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ನಮಗೆ ಸಾಹಿತ್ಯದ 'ನವ್ಯ', ಅಂದರೆ ಆಧುನಿಕ ಪಂಥ, ಗೊತ್ತು. ವ್ಯಕ್ತಿಯ ಒಳಗಿನ ತಳಮಳ, ಬಿಗಿಯಾದ ರೂಪ, ಪ್ರಾಸ ಬಿಟ್ಟ ಕವಿತೆ, ಜನಪ್ರಿಯವಾದದ್ದರ ಬಗ್ಗೆ ಒಂದು ಅನುಮಾನ. ಚಿತ್ರಕಲೆಯ ನವ್ಯವೂ ಹೆಚ್ಚುಕಮ್ಮಿ ಹೀಗೇ ಇತ್ತು. ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಇದರ ದೊಡ್ಡ ಪುರೋಹಿತ. ಚಿತ್ರ ಅಂದರೆ ಚಪ್ಪಟೆ ಮೇಲ್ಮೈ ಮತ್ತು ಬಣ್ಣ, ಅಷ್ಟೇ ಎನ್ನುವುದು ಅವರ ವಾದ. ಕಥೆ ಹೇಳುವುದು ಸಾಹಿತ್ಯದ ಕೆಲಸ, ಉಬ್ಬುತಗ್ಗು ಶಿಲ್ಪದ ಕೆಲಸ. ಒಂದು ಕಲೆ ಇನ್ನೊಂದರ ಮನೆಗೆ ಹೋಗಬಾರದು. ಸಿನಿಮಾ ಪೋಸ್ಟರ್, ಕ್ಯಾಲೆಂಡರ್, ಜಾಹೀರಾತು ಇವೆಲ್ಲ ಅಗ್ಗದ ಸರಕು, ಕಲೆಯ ಹತ್ತಿರ ಸುಳಿಯಲೂಬಾರದು. ಒಂಥರಾ ಮಡಿ.

ಮಡಿ ಮೊದಲು ಮುರಿದವರು ಫ್ರಾನ್ಸಿನ ಕಲಾವಿದ ಮಾರ್ಸೆಲ್ ದ್ಯುಶಾಂ. 1917ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಅಂಗಡಿಯಲ್ಲಿ ಕೊಂಡ ಮೂತ್ರದ ಬೇಸಿನ್ ಕಳಿಸಿದರು. ಅದರ ಮೇಲೆ 'ಆರ್. ಮಟ್' ಅಂತ ಸುಳ್ಳು ಸಹಿ. ಹೆಸರು 'ಫೌಂಟನ್'. ಸಂಘಟಕರು ಪ್ರದರ್ಶನಕ್ಕೆ ಇಡಲಿಲ್ಲ. ಆಗ ಅದು ಒಬ್ಬರ ಕುಚೋದ್ಯವಾಗಿ ಉಳಿಯಿತು. ಸುಮಾರು ಅರ್ಧ ಶತಮಾನ ಕಳೆದ ಮೇಲೆ ಅದೇ ಎಲ್ಲರ ದಾರಿಯಾಯಿತು.

1964ರಲ್ಲಿ ಅಮೆರಿಕದ ಕಲಾವಿದ ಆಂಡಿ ವಾರ್‌ಹೋಲ್ ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಬ್ರಿಲ್ಲೋ ಪೆಟ್ಟಿಗೆಗಳನ್ನು ಪೇರಿಸಿಟ್ಟರು. ಬ್ರಿಲ್ಲೋ ಅಂದರೆ ಪಾತ್ರೆ ತಿಕ್ಕುವ ಸೋಪು ಹಾಕಿದ ನಾರು. ಕಿರಾಣಿ ಅಂಗಡಿಗೆ ಬರುವ ರಟ್ಟಿನ ಡಬ್ಬವನ್ನೇ ಪ್ಲೈವುಡ್ಡಿನಲ್ಲಿ ಮಾಡಿ, ಮೇಲೆ ಅದೇ ಅಕ್ಷರ, ಅದೇ ಬಣ್ಣ ಅಚ್ಚು ಹಾಕಿದ್ದರು. ಅದನ್ನು ನೋಡಲು ಹೋದ ತತ್ವಶಾಸ್ತ್ರದ ಮೇಷ್ಟ್ರು ಆರ್ಥರ್ ಡಾಂಟೋ ದಿಗಿಲುಬಿದ್ದರು. ಅಂಗಡಿಯ ಪೆಟ್ಟಿಗೆಗೂ ಗ್ಯಾಲರಿಯ ಪೆಟ್ಟಿಗೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ಹಾಗಾದರೆ ಒಂದು ಸರಕು, ಇನ್ನೊಂದು ಕಲೆ ಆಗಿದ್ದು ಹೇಗೆ? ಕಣ್ಣು ಉತ್ತರ ಕೊಡುವುದಿಲ್ಲ. ಆ ವಸ್ತುವಿನ ಸುತ್ತ ಇರುವ ಇತಿಹಾಸ, ಸಿದ್ಧಾಂತ, ಸಂಸ್ಥೆಗಳು, ಅಂದರೆ 'ಕಲಾಲೋಕ' ಉತ್ತರ ಕೊಡುತ್ತದೆ. ಅದೇ ವರ್ಷ ಅವರು ಬರೆದ ಪ್ರಬಂಧದ ತಿರುಳು ಇದು. ಆಧುನಿಕೋತ್ತರ ಕಲೆಯ ಬಗ್ಗೆ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ಇಡಿ. ಕಲೆ ವಸ್ತುವಿನಲ್ಲಿಲ್ಲ, ಅದನ್ನು ಎಲ್ಲಿ ಇಟ್ಟಿದ್ದಾರೆ, ಯಾರು ಇಟ್ಟಿದ್ದಾರೆ ಎನ್ನುವುದರಲ್ಲಿದೆ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಜಾಸ್ತಿ ಕಾಡುವುದು ಮುಂದಿನ ಭಾಗ. ಅಂಗಡಿಗೆ ಬರುತ್ತಿದ್ದ ಆ ಅಸಲಿ ಬ್ರಿಲ್ಲೋ ಡಬ್ಬದ ವಿನ್ಯಾಸ ಮಾಡಿದವರು ಯಾರು? ಜೇಮ್ಸ್ ಹಾರ್ವೆ ಅಂತ. ಅವರೂ ಚಿತ್ರಕಾರರೇ. ಗ್ರೀನ್‌ಬರ್ಗ್ ಮೆಚ್ಚುತ್ತಿದ್ದ ಜಾತಿಯ ಅಮೂರ್ತ ಚಿತ್ರ ಬರೆಯುತ್ತಿದ್ದರು, ಹೊಟ್ಟೆಪಾಡಿಗೆ ಡಬ್ಬದ ವಿನ್ಯಾಸ ಮಾಡುತ್ತಿದ್ದರು. ಅವರ ಡಬ್ಬ ಜಗತ್ತಿನ ಕಲಾ ಇತಿಹಾಸ ಸೇರಿತು, ವಾರ್‌ಹೋಲ್ ಹೆಸರಿನಲ್ಲಿ. ಹಾರ್ವೆ 1965ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ತೀರಿಕೊಂಡರು.

ಹಣ್ಣು ಮಾರಿದವರು, ಡಬ್ಬ ಬರೆದವರು. ನನ್ನ ತಕರಾರು ಇಲ್ಲೇ ಇದೆ. ಆಧುನಿಕೋತ್ತರ ಕಲೆ ಬಾಗಿಲು ತೆರೆಯಿತು, ಸುಳ್ಳಲ್ಲ. ಸೋಪಿನ ಡಬ್ಬ, ಸಗಣಿ, ಕೂದಲು, ಕ್ಯಾಲೆಂಡರ್ ದೇವರು, ಎಲ್ಲವೂ ಒಳಗೆ ಬಂದವು. ಆ ವಸ್ತುಗಳ ಜನ ಮಾತ್ರ ಎಷ್ಟೋ ಸಲ ಹೊರಗೇ ಉಳಿದರು.

ನಮ್ಮ 'ಉತ್ತರ' ಯಾವಾಗ?

1979ರಲ್ಲಿ ಫ್ರೆಂಚ್ ಚಿಂತಕ ಲಿಯೋತಾರ್ ಒಂದು ಸಣ್ಣ ಪುಸ್ತಕ ಬರೆದರು. ಅಸಲಿಗೆ ಅದು ಕೆನಡಾದ ಕ್ವಿಬೆಕ್ ಸರ್ಕಾರಕ್ಕೆ ಕೊಟ್ಟ ವರದಿ. ಪ್ರಗತಿ, ವಿಮೋಚನೆ, ವಿಜ್ಞಾನದ ಗೆಲುವು ಎನ್ನುವ ದೊಡ್ಡ ದೊಡ್ಡ ಕಥೆಗಳನ್ನು ಜನ ಈಗ ನಂಬುತ್ತಿಲ್ಲ, ಅದೇ ಆಧುನಿಕೋತ್ತರ ಸ್ಥಿತಿ ಎಂದರು. ಅದೇ 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಅಲ್ಲಿ ದೊಡ್ಡ ಕಥೆಯ ಮೇಲೆ ಅನುಮಾನ ಹುಟ್ಟಿದ್ದು ಅದನ್ನು ಕೇಳಿ ಕೇಳಿ ಬೇಸತ್ತವರಿಗೆ. ಇಲ್ಲಿ ಅನುಮಾನ ಬಂದಿದ್ದು ಆ ಕಥೆಯಲ್ಲಿ ಜಾಗವೇ ಸಿಗದವರಿಗೆ. ದಲಿತರು, ಹೆಂಗಸರು, ಊರ ಹೊರಗಿನವರು. 'ನಿಮ್ಮ ನವ್ಯದ ಆ ಅನಾಥ ನಾಯಕ ಯಾವ ಜಾತಿಯವನು ಸ್ವಾಮಿ?' ಎನ್ನುವುದು ಬಂಡಾಯ ಕೇಳಿದ ಪ್ರಶ್ನೆಯ ಧಾಟಿ. ದೊಡ್ಡ ಕಥೆ ಸುಳ್ಳು ಅನ್ನುವುದಕ್ಕಿಂತ, ಅದರಲ್ಲಿ ನಮ್ಮ ಪಾಲೆಲ್ಲಿ ಅನ್ನುವುದು ಅದರ ಜೋರು.

ಇನ್ನೊಂದು ತೊಡಕೂ ಇದೆ. 'ಉತ್ತರ' ಬರಬೇಕಾದರೆ ಮೊದಲು 'ಆಧುನಿಕ' ಇರಬೇಕಲ್ವಾ? ನಮ್ಮಲ್ಲಿ ಅದು ಯಾವತ್ತೂ ಶುದ್ಧವಾಗಿ ಇರಲೇ ಇಲ್ಲ. 1951ರಲ್ಲಿ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ಅದೇ ವರ್ಷ ಅದೇ ನೆಹರೂ ಬೆಂಬಲದೊಂದಿಗೆ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೇ ಚಂಡೀಗಢದ ಕೆಲಸ ಕೈಗೆತ್ತಿಕೊಂಡರು. ಅಲ್ಲಿ ಬೋಳು ಕಾಂಕ್ರೀಟು, ನೇರ ಗೆರೆ. ಇಲ್ಲಿ ಕೆಂಗಲ್ ಹನುಮಂತಯ್ಯನವರು ಪ್ರಜಾಪ್ರಭುತ್ವದ ಕಚೇರಿಗೆ ದೇವಸ್ಥಾನದ ಕಂಬ, ಕಮಾನು, ಗುಮ್ಮಟ ಇಡಿಸಿದರು. ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆಸಿದರು. ಅಮೆರಿಕದಲ್ಲಿ ಬೋಳು ಕಟ್ಟಡಗಳ ಮೇಲೆ ನಂಬಿಕೆ ಹೋಗಲು ಇನ್ನೂ ಎರಡು ದಶಕ ಬೇಕಾಯಿತು. ಸೇಂಟ್ ಲೂಯಿಸ್ ನಗರದ ಪ್ರೂಟ್-ಐಗೋ ವಸತಿ ಸಮುಚ್ಚಯವನ್ನು 1972ರಲ್ಲಿ ಸಿಡಿಸಿ ಕೆಡವಿದ್ದೇ ಆಧುನಿಕ ವಾಸ್ತುವಿನ ಸಾವು ಎಂದು ವಿಮರ್ಶಕ ಚಾರ್ಲ್ಸ್ ಜೆಂಕ್ಸ್ ಬರೆದರು. ಆಮೇಲೆ ಅಲ್ಲಿನ ವಾಸ್ತುಶಿಲ್ಪಿಗಳೂ ಕಟ್ಟಡಗಳಿಗೆ ಹಳೇ ಕಂಬ, ಕಮಾನು ಅಂಟಿಸಲು ಶುರುಮಾಡಿದರು. ಆ ಅಲೆ ನಮಗೆ ಐಟಿ ಜೊತೆ ಬಂತು. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ಸಿನಲ್ಲಿ ಗಾಜಿನ ಪಿರಮಿಡ್ಡು, ಮೈಸೂರಿನ ಕ್ಯಾಂಪಸ್ಸಿನಲ್ಲಿ ಗ್ರೀಕ್-ರೋಮನ್ ಕಂಬಗಳು.

ಹಾಗಂತ 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಅನ್ನುವ ಗುಂಪಿಗೆ ನಾನು ಸೇರುವುದಿಲ್ಲ. ದಸರೆಯ ಗೊಂಬೆ ಮೆಟ್ಟಿಲನ್ನು ತೋರಿಸಿ, ಪಟ್ಟದ ಗೊಂಬೆಯ ಕೆಳಗೆ ಗಾಂಧಿ, ಅವರ ಪಕ್ಕ ಕ್ರಿಕೆಟ್ ಟೀಮು, ಅದರ ಪಕ್ಕ ಪ್ಲಾಸ್ಟಿಕ್ ವಿಮಾನ, ಇದೇ ಅಲ್ವಾ ಇನ್‌ಸ್ಟಲೇಷನ್, ಅಂದರೆ ವಸ್ತುಗಳನ್ನು ಜೋಡಿಸಿಟ್ಟು ಮಾಡುವ ಕಲೆ, ಎನ್ನುವವರಿದ್ದಾರೆ. ನೋಡಲು ಹಾಗೇ ಕಾಣುತ್ತದೆ, ಒಪ್ಪಿದೆ. ನಮ್ಮ ಮನೆಯ ಮೆಟ್ಟಿಲ ಮೇಲೂ ಮೈಸೂರು ರಾಜನ ಪಕ್ಕ ಒಂದು ಸ್ಪೈಡರ್‌ಮ್ಯಾನ್ ಕೂತಿದ್ದ. ಆದರೆ ಗೊಂಬೆ ಕೂರಿಸುವವರು ಯಾರ ಜೊತೆಗೂ ವಾದ ಮಾಡುತ್ತಿಲ್ಲ. ದ್ಯುಶಾಂ ಮಾಡುತ್ತಿದ್ದಿದ್ದು ವಾದ.

ಲಕ್ಷ್ಮಿಯ ಪಾತ್ರದಲ್ಲಿ

ಬೆಂಗಳೂರಿನಲ್ಲಿ ಆ ವಾದವನ್ನು ನಮ್ಮ ಸರಕಿನಿಂದಲೇ ಕಟ್ಟಿದವರು ಎನ್. ಪುಷ್ಪಮಾಲ. 1956ರಲ್ಲಿ ಇಲ್ಲೇ ಹುಟ್ಟಿದವರು. ಬರೋಡಾದಲ್ಲಿ ಶಿಲ್ಪಕಲೆ ಕಲಿತರು. ತೊಂಬತ್ತರ ದಶಕದಲ್ಲಿ ಶಿಲ್ಪದಿಂದ ಸರಿದು ಕ್ಯಾಮೆರಾದ ಮುಂದೆ ತಾವೇ ನಿಂತರು. ಬೆಂಗಳೂರಿನ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಸರಣಿಯ ಹೆಸರು 'ದಕ್ಷಿಣ ಭಾರತದ ದೇಶೀ ಸ್ತ್ರೀಯರು: ರೀತಿ ಮತ್ತು ನಡವಳಿಕೆ' ಎನ್ನುವ ಅರ್ಥ ಕೊಡುತ್ತದೆ. ಬ್ರಿಟಿಷ್ ಅಧಿಕಾರಿಗಳು ಬರೆಯುತ್ತಿದ್ದ ದಪ್ಪ ಪುಸ್ತಕಗಳ ತಲೆಬರಹದ ಅಣಕ.

ಅದರಲ್ಲಿ ಒಂದು ಚಿತ್ರ ರವಿವರ್ಮನ ಲಕ್ಷ್ಮಿ. ಕಮಲದ ಮೇಲೆ ನಿಂತವಳು, ನಾಲ್ಕು ಕೈ, ಹಿಂದೆ ನೀರು, ಪಕ್ಕದಲ್ಲಿ ಆನೆ. ಈ ಲಕ್ಷ್ಮಿ ನಿಮ್ಮ ಮನೆಯಲ್ಲೂ ಇದ್ದಾಳೆ. ದೇವರ ಕೋಣೆಯಲ್ಲಿ ಇಲ್ಲದಿದ್ದರೆ ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ. ರವಿವರ್ಮ 1894ರಲ್ಲಿ ಮುಂಬೈನಲ್ಲಿ ಅಚ್ಚುಕೂಟ ಹಾಕಿದ ಮೇಲೆ ದೇವರು ಮನೆಮನೆಗೆ ಬಂದ. ಲಕ್ಷ್ಮಿ ಹೇಗಿರುತ್ತಾಳೆ ಅಂತ ನಮಗೆ ಇವತ್ತು ಯಾರಾದರೂ ಕೇಳಿದರೆ ನಾವು ವರ್ಣಿಸುವುದು ಆ ಅಚ್ಚಿನ ಚಿತ್ರವನ್ನೇ. ಪುಷ್ಪಮಾಲ ಆ ಜಾಗದಲ್ಲಿ ತಾವು ನಿಂತರು. ಬರೆದ ಪರದೆ, ಕಟ್ಟಿದ ಸೆಟ್ಟು, ಜೋಡಿಸಿದ ಹೆಚ್ಚುವರಿ ಕೈಗಳು. ಫೋಟೋ ನೋಡಿದರೆ ಮೊದಲು ಭಕ್ತಿಯ ಅಭ್ಯಾಸ ಕೆಲಸ ಮಾಡುತ್ತದೆ. ಎರಡು ಕ್ಷಣ ಬಿಟ್ಟು ಕಣ್ಣು ಎಡವುತ್ತದೆ. ಇದು ದೇವಿಯಲ್ಲ, ದೇವಿಯ ಪಾತ್ರ. ನಿಂತಿರುವವಳಿಗೆ ನಮ್ಮ ನಿಮ್ಮ ಹಾಗೆ ಮೈಭಾರ ಇದೆ, ದಣಿವು ಇದೆ. ಆಗ ಇನ್ನೊಂದು ಪ್ರಶ್ನೆ ಏಳುತ್ತದೆ. ರವಿವರ್ಮನ ಮುಂದೆ ಯಾರೋ ಒಬ್ಬ ಹೆಂಗಸು ಹೀಗೇ ಗಂಟೆಗಟ್ಟಲೆ ನಿಂತಿರಬೇಕಲ್ಲ?

ಇದೇ ಸರಣಿಯಲ್ಲಿ ಇನ್ನೊಂದು ಬಗೆಯ ಚಿತ್ರವೂ ಇದೆ. ಚೌಕುಳಿ ಪರದೆಯ ಮುಂದೆ ಬುಡಕಟ್ಟಿನ ಹೆಂಗಸನ್ನು ನಿಲ್ಲಿಸಿ ಮೈ ಅಳತೆ ತೆಗೆಯುವುದು. ಹತ್ತೊಂಬತ್ತನೇ ಶತಮಾನದಲ್ಲಿ ವಿಜ್ಞಾನದ ಹೆಸರಿನಲ್ಲಿ ನಿಜವಾಗಿ ನಡೆದ ಕೆಲಸ. ಮತ್ತೊಂದು, ಪತ್ರಿಕೆಯಲ್ಲಿ ಬಂದ ಬಂಧಿತ ಮಹಿಳೆಯರ ಫೋಟೋದ ಮರುನಟನೆ. ದೇವಿ, ಬುಡಕಟ್ಟಿನವಳು, ಕಳ್ಳಿ. ಮೂರಕ್ಕೂ ಒಬ್ಬರೇ ನಿಂತಾಗ ಒಂದು ಗುಟ್ಟು ಬಯಲಾಗುತ್ತದೆ. ಪೂಜೆಗಾಗಲಿ, ಅಳತೆಗಾಗಲಿ, ಠಾಣೆಯ ದಾಖಲೆಗಾಗಲಿ, ಹೆಣ್ಣನ್ನು ಚೌಕಟ್ಟಿನಲ್ಲಿ ಹೇಗೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿದವರು ಬೇರೆ ಯಾರೋ.

ಎಪ್ಪತ್ತರ ಕೊನೆಯಲ್ಲಿ ಅಮೆರಿಕದ ಸಿಂಡಿ ಶರ್ಮನ್ ಹಳೇ ಸಿನಿಮಾಗಳ ನಾಯಕಿಯರಂತೆ ಅಲಂಕಾರ ಮಾಡಿಕೊಂಡು ತಮ್ಮದೇ ಫೋಟೋ ತೆಗೆದುಕೊಂಡಿದ್ದರು. ಪುಷ್ಪಮಾಲ ಅವರನ್ನು ಅದಕ್ಕೆ ಹೋಲಿಸುವುದುಂಟು. ಹೋಲಿಕೆ ಒಂದು ಮಟ್ಟಕ್ಕೆ ಸರಿ. ಆದರೆ ಸಿನಿಮಾ ನಾಯಕಿಗೆ ಯಾರೂ ದಿನಾ ಊದುಬತ್ತಿ ಹಚ್ಚುವುದಿಲ್ಲ. ಲಕ್ಷ್ಮಿಯ ಜಾಗದಲ್ಲಿ ನಿಲ್ಲಲು ಬೇರೆಯದೇ ಧೈರ್ಯ ಬೇಕು. ಎಂ.ಎಫ್. ಹುಸೇನರು ದೇವತೆಯರ ಚಿತ್ರಗಳ ಗಲಾಟೆಯಿಂದಾಗಿ 2006ರಲ್ಲಿ ಬಿಟ್ಟುಹೋದ ದೇಶ ಇದು. 2011ರಲ್ಲಿ ಅವರು ತೀರಿಕೊಂಡಿದ್ದು ಲಂಡನ್ನಿನಲ್ಲಿ.

ಬಂಪರಿಗೆ ಕಟ್ಟಿದ ಕೂದಲು

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡ ಇನ್ನೊಂದು ದಾರಿ ಹಿಡಿದರು. ಅವರು ಕಲಿತದ್ದು ಚಿತ್ರಕಲೆ. ಇಲ್ಲಿನ ಕೆನ್ ಕಲಾಶಾಲೆ, ಬರೋಡಾ, ಶಾಂತಿನಿಕೇತನ, ಲಂಡನ್ ಎಲ್ಲ ಸುತ್ತಿ ಬಂದವರು. ತೊಂಬತ್ತರ ಮೊದಲಲ್ಲಿ ದೇಶದಲ್ಲಿ ಕೋಮುಗಲಭೆ ಹೊತ್ತಿಕೊಂಡಾಗ ಕ್ಯಾನ್ವಾಸು, ಎಣ್ಣೆಬಣ್ಣ ಸಾಲದು ಅನ್ನಿಸಿತು. ಸಗಣಿ ಎತ್ತಿಕೊಂಡರು. ಸಗಣಿ ಅಂದರೆ ನಮಗೆ ಗೊತ್ತಲ್ಲ: ಅಂಗಳ ಸಾರಿಸುವುದು, ಬೆರಣಿ ತಟ್ಟುವುದು, ಪವಿತ್ರ ಕೂಡ, ಹೆಂಗಸರ ಬಿಟ್ಟಿ ದುಡಿಮೆ ಕೂಡ. ಒಂದೇ ಮುದ್ದೆಯಲ್ಲಿ ಇಷ್ಟೆಲ್ಲ. ಬಣ್ಣದ ಟ್ಯೂಬಿನಲ್ಲಿ ಇದು ಸಿಗುವುದಿಲ್ಲ.

ಅವರ 2009ರ 'ಬಿಹೋಲ್ಡ್' ಕೃತಿ ವೆನಿಸ್ ಬಿಯೆನ್ನಾಲೆ ಎನ್ನುವ ಅಂತರರಾಷ್ಟ್ರೀಯ ಕಲಾಮೇಳದಲ್ಲಿತ್ತು, ಈಗ ಬ್ರಿಟನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಮನುಷ್ಯರ ಕೂದಲಿನಿಂದ ಹೊಸೆದ ಕಿಲೋಮೀಟರುಗಟ್ಟಲೆ ಹಗ್ಗ, ಅದರಲ್ಲಿ ತೂಗುಬಿಟ್ಟ ಕಾರಿನ ಸ್ಟೀಲ್ ಬಂಪರುಗಳು. ನೋಡಿದ ಕೂಡಲೇ ನಮ್ಮವರಿಗೆ ಅರ್ಥವಾಗುತ್ತದೆ. ದೇವರಿಗೆ ಮುಡಿ ಕೊಟ್ಟ ಕೂದಲು ಮಾರುಕಟ್ಟೆಗೆ ಬರುತ್ತದೆ. ಅದರಲ್ಲಿ ಹೊಸೆದ ಕರಿ ಹಗ್ಗವನ್ನು ದೃಷ್ಟಿ ತಾಗದಿರಲಿ ಅಂತ ಗಾಡಿಯ ಬಂಪರಿಗೆ ಕಟ್ಟುತ್ತಾರೆ. ಲಂಡನ್ನಿನ ನೋಡುಗರಿಗೆ ಇದು ತಿಳಿಯಬೇಕಾದರೆ ಗೋಡೆಯ ಮೇಲಿನ ವಿವರಣೆ ಓದಬೇಕು. ಯಶವಂತಪುರದ ಲಾರಿ ಡ್ರೈವರಿಗೆ ಬೇಡ. ಇಷ್ಟು ದಿನ ಆಧುನಿಕ ಕಲೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದವರು ನಾವು. ಇಲ್ಲಿ ಪಾಳಿ ಅದಲುಬದಲಾಯಿತು. ಇದೇನು ಸಣ್ಣ ಬದಲಾವಣೆ ಅಲ್ಲ.

ಆದರೆ ಆ ಲಾರಿ ಡ್ರೈವರ್ ಇದನ್ನು ನೋಡಿದನೇ? ಅವನಿರುವ ಊರಿಗೂ ಕೃತಿ ಇರುವ ಊರಿಗೂ ನಡುವೆ ಸಮುದ್ರವಿದೆ. ಇದಕ್ಕೆ ಕಲಾವಿದೆಯನ್ನು ದೂರಿ ಫಲವಿಲ್ಲ. ಅಷ್ಟು ದೊಡ್ಡ ಕೆಲಸವನ್ನು ಕೊಂಡು, ಇಟ್ಟು, ಕಾಪಾಡುವ ಸರ್ಕಾರಿ ಜಾಗ ನಮ್ಮ ಊರಲ್ಲಿ ಎಲ್ಲಿದೆ ಹೇಳಿ.

ಕಸ್ತೂರಬಾ ರಸ್ತೆಯ ವಿಚಿತ್ರ

ಈ ಜಾಗದ ಪ್ರಶ್ನೆಯೇ 2016ರಲ್ಲಿ ಬೀದಿಗೆ ಬಂತು. ಮೈಸೂರು ಅರಮನೆಯ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನ ಸರ್ಕಾರಿ ಚಿತ್ರಶಾಲೆ ಕಸ್ತೂರಬಾ ರಸ್ತೆಯಲ್ಲಿದೆ. ಪ್ರವಾಸೋದ್ಯಮದ ದತ್ತು ಯೋಜನೆಯಡಿ ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಸರ್ಕಾರ 2015ರಲ್ಲಿ ಒಪ್ಪಂದ ಮಾಡಿಕೊಂಡಿತು. ನಗರದ ಕಲಾವಿದರು ಒಟ್ಟಾಗಿ ವಿರೋಧಿಸಿದರು. ಕಡಿಮೆ ಬಾಡಿಗೆಗೆ ಸಿಗುವ, ಯಾವ ಹೊಸ ಹುಡುಗ ಬೇಕಾದರೂ ಪ್ರದರ್ಶನ ಮಾಡಬಹುದಾದ ಜಾಗ ಅದು ಎನ್ನುವುದು ಅವರ ಮಾತು. ಕೊನೆಗೆ ಆ ಒಪ್ಪಂದ ಮುಂದುವರಿಯಲಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಮ್ಯೂಸಿಯಂ ಎನ್ನುವ ಸಂಸ್ಥೆಯನ್ನೇ ಅನುಮಾನದಿಂದ ನೋಡುವುದು ಆಧುನಿಕೋತ್ತರ ಕಲೆಯ ಹುಟ್ಟುಗುಣ. ಗೆರಿಲ್ಲಾ ಗರ್ಲ್ಸ್ ಎನ್ನುವ ಮುಖವಾಡದ ಗುಂಪು 1989ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಲೆಕ್ಕ ತೆಗೆದಿತ್ತು. ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದೆಯರು ಶೇ. 5ಕ್ಕಿಂತ ಕಡಿಮೆ, ನಗ್ನಚಿತ್ರಗಳಲ್ಲಿ ಹೆಂಗಸರು ಶೇ. 85. ಹೆಣ್ಣು ಮ್ಯೂಸಿಯಂ ಒಳಗೆ ಹೋಗಬೇಕಾದರೆ ಬಟ್ಟೆ ಬಿಚ್ಚಬೇಕಾ ಅಂತ ಪೋಸ್ಟರ್ ಅಂಟಿಸಿದರು. ಇಂಥ ಪ್ರಶ್ನೆಗಳನ್ನು ಕೇಳಿ ಬೆಳೆದ ನಮ್ಮ ಕಲಾವಿದರೇ ಬೆಂಗಳೂರಿನಲ್ಲಿ ಒಂದು ಹಳೇ ಸರ್ಕಾರಿ ಚಿತ್ರಶಾಲೆ ಉಳಿಸಲು ಬೀದಿಗಿಳಿದರು. ಇದನ್ನು ವಿರೋಧಾಭಾಸ ಅಂತ ನಗುವವರಿದ್ದಾರೆ. ನಾನು ನಗಲಾರೆ. ಅಧಿಕಾರವನ್ನು ಪ್ರಶ್ನೆ ಮಾ‌ಡಬೇಕಾದರೆ ಅದು ಕೈಗೆ ಸಿಗುವ ಹಾಗಿರಬೇಕು. ಸರ್ಕಾರಿ ಚಿತ್ರಶಾಲೆಗೆ ಅರ್ಜಿ ಹಾಕಬಹುದು, ಧರಣಿ ಕೂರಬಹುದು. ದುಡ್ಡಿನ ಮುಂದೆ ಧರಣಿ ಕೂರುವುದು ಎಲ್ಲಿ?

ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಖಾಸಗಿ ಕಲಾ ಮತ್ತು ಛಾಯಾಚಿತ್ರ ಮ್ಯೂಸಿಯಂ, ಎಲ್ಲರೂ ಕರೆಯುವ ಹಾಗೆ 'ಮ್ಯಾಪ್', ಬಾಗಿಲು ತೆರೆಯಿತು. ಚೆನ್ನಾಗಿದೆ. ಸಿನಿಮಾ ಪೋಸ್ಟರುಗಳು, ಜಾಹೀರಾತು, ಜವಳಿ, ಹಳೇ ಫೋಟೋಗಳು, ದೊಡ್ಡ ಹೆಸರಿನ ಚಿತ್ರಕಾರರು, ಎಲ್ಲ ಒಂದೇ ಸೂರಿನಡಿ. ಗ್ರೀನ್‌ಬರ್ಗ್ ಬಂದರೆ ಬಾಗಿಲಲ್ಲೇ ತಿರುಗಿ ಹೋಗುತ್ತಿದ್ದರು. ಇನ್ನು ಶಾಂತಿನಗರದ ನಂಬರ್ 1 ಶಾಂತಿ ರೋಡಿನಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ಎರಡು ದಶಕದಿಂದ ಕಲಾವಿದರಿಗೆ ಬಿಟ್ಟುಕೊಟ್ಟಿದ್ದಾರೆ. ಅಂಗಳದಲ್ಲಿ ದೊಡ್ಡ ಬಾದಾಮಿ ಮರ. ಅದರ ಕೆಳಗೆ ಆಗುವ ಜಗಳಗಳು ಎಷ್ಟೋ ಸೆಮಿನಾರುಗಳಿಗಿಂತ ವಾಸಿ.

ಜನಸಾಗರ ಬೇಕಾದರೆ ಮಾತ್ರ ಕುಮಾರಕೃಪಾ ರಸ್ತೆಗೆ ಹೋಗಬೇಕು. ಚಿತ್ರಕಲಾ ಪರಿಷತ್ತು 2003ರಿಂದ ವರ್ಷಕ್ಕೊಂದು ಭಾನುವಾರ ನಡೆಸುವ ಚಿತ್ರಸಂತೆಗೆ. ಬುದ್ಧ, ಓಡುವ ಕುದುರೆ, ಹಂಪಿಯ ಕಲ್ಲಿನ ರಥ, ರಾಧಾಕೃಷ್ಣ. ವಿಮರ್ಶಕರು ಮೂಗು ಮುರಿಯುತ್ತಾರೆ. ನಮ್ಮ ಚಿಕ್ಕಮ್ಮ ಸೋಫಾ ಬಣ್ಣಕ್ಕೆ ಹೊಂದುವ ಬುದ್ಧನನ್ನು ಹುಡುಕಿ ಮೂರು ಸಲ ಆ ರಸ್ತೆ ಸುತ್ತಿಸಿದ್ದರು, ನನಗೂ ಸಿಟ್ಟು ಬಂದಿತ್ತು. ಆದರೆ ಬರೆದವರು ಎದುರಿಗೇ ಕೂತಿದ್ದರು. ಚಿಕ್ಕಮ್ಮ ಚೌಕಾಸಿ ಮಾಡಿದರು, ಅವರು ಹೆಸರು ಹೇಳಿದರು, ಊರು ಹೇಳಿದರು. ಬಾಗಲಕೋಟೆಯವರಂತೆ. ಯಾರ ಕೈಯಿಂದ ಬಂತು ಅಂತ ಗೊತ್ತಿರುವ ಚಿತ್ರ ಈಗ ಆ ಸೋಫಾದ ಮೇಲಿದೆ.

ನಕಲಿನ ಹೊಸ ಯಜಮಾನ

ಇವತ್ತು ಈ ಹಳೇ ಚರ್ಚೆಗೆ ಮತ್ತೆ ಜೀವ ಬಂದಿರುವುದು ಎಐನಿಂದ. 2025ರ ಮಾರ್ಚಿನಲ್ಲಿ ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿನ ಅರ್ಧ ಜನ ಜಪಾನಿನ ಕಾರ್ಟೂನ್ ಸಿನಿಮಾ ಸಂಸ್ಥೆ ಜಿಬ್ಲಿಯ ಶೈಲಿಯ ಗೊಂಬೆಗಳಾಗಿದ್ದರು. ನಿಮ್ಮದರಲ್ಲೂ ಆಗಿರಬೇಕು. ಅದನ್ನು ಟೀಕಿಸಿದರೆ ಕೆಲವರು ಆಧುನಿಕೋತ್ತರವಾದವನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ. 'ಸ್ವಂತದ್ದು ಅಂತ ಯಾವುದೂ ಇಲ್ಲ, ಎಲ್ಲವೂ ನಕಲಿನ ನಕಲು, ಕಲಾವಿದರೇ ಹೇಳಿದ್ದಾರಲ್ಲ' ಅಂತ.

ಹೇಳಿದ್ದಾರೆ. 1981ರಲ್ಲಿ ಶೆರ್ರಿ ಲೆವೀನ್ ಎನ್ನುವ ಕಲಾವಿದೆ ಅಮೆರಿಕದ ಫೋಟೋಗ್ರಾಫರ್ ವಾಕರ್ ಎವನ್ಸ್ 1936ರಲ್ಲಿ ತೆಗೆದಿದ್ದ ಪ್ರಸಿದ್ಧ ಫೋಟೋಗಳನ್ನು ಒಂದು ಕ್ಯಾಟಲಾಗಿನಿಂದ ಮತ್ತೆ ಫೋಟೋ ತೆಗೆದು ತಮ್ಮ ಹೆಸರಿನಲ್ಲಿ ಪ್ರದರ್ಶಿಸಿದರು. ಸೃಷ್ಟಿಕರ್ತ, ಅದೂ ಗಂಡಸು, ಮಹಾನ್ ಪ್ರತಿಭೆ ಎನ್ನುವ ಹುಸಿಗೆ ಚುಚ್ಚಿದ ಸೂಜಿ ಅದು. ಚುಚ್ಚಿದ್ದು ಮೇಲೆ ಕೂತವರಿಗೆ. ಇವತ್ತು ಯಂತ್ರ ಬಾಚಿಕೊಳ್ಳುತ್ತಿರುವುದು ಪುಸ್ತಕದ ಮುಖಪುಟ ಬರೆದು, ಮಕ್ಕಳ ಪತ್ರಿಕೆಗೆ ಚಿತ್ರ ಬಿಡಿಸಿ ಬಾಡಿಗೆ ಕಟ್ಟುವವರ ಕೆಲಸವನ್ನು. ಮಾತು ಅದೇ, ಯಜಮಾನ ಬೇರೆ. ಇನ್ನೂ ಒಂದು ಎಳೆ ಇದೆ. ಎವನ್ಸ್ ಫೋಟೋಗಳಲ್ಲಿ ಇದ್ದವರು ಅಲಬಾಮಾದ ಗೇಣಿ ರೈತರು, ಕಡುಬಡವರು. ಫೋಟೋ ಯಾರದು, ಎವನ್ಸ್‌ದೋ ಲೆವೀನ್‌ದೋ ಅಂತ ಕಲಾಲೋಕ ದಶಕಗಟ್ಟಲೆ ಚರ್ಚೆ ಮಾಡಿತು. ಆ ಮುಖ ಯಾರದು ಅಂತ ಕೇಳಿದವರು ಕಡಿಮೆ.

ನಮ್ಮಲ್ಲೂ ಇಂಥ ಮುಖಗಳಿವೆ. ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಕೆ.ಜಿ. ರಸ್ತೆಯ ಥಿಯೇಟರುಗಳ ಮುಂದೆ ರಾಜ್‌ಕುಮಾರ್ ಮುಖವನ್ನು ಚೌಕಚೌಕವಾಗಿ ಲೆಕ್ಕ ಹಾಕಿ ಮೂರು ಆಳೆತ್ತರಕ್ಕೆ ಏರಿಸುತ್ತಿದ್ದ ಕೈಗಳು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. 2009ರ ಸುಮಾರಿಗೆ ಬಿಬಿಎಂಪಿ ಇಂಥ ಪೇಂಟರುಗಳಿಂದ ನಗರದ ಗೋಡೆಗಳ ಮೇಲೆ ಹಂಪಿ, ಜೋಗ, ಯಕ್ಷಗಾನ ಬರೆಸಿತು. ಪೋಸ್ಟರ್ ಅಂಟಿಸದಿರಲಿ, ಮೂತ್ರ ಮಾಡದಿರಲಿ ಅನ್ನುವುದೇ ಮುಖ್ಯ ಉದ್ದೇಶ. ಕಲೆಯ ಸಾಮಾಜಿಕ ಪಾತ್ರ ಅಂದರೆ ಇದೂ ಒಂದು, ನಗಬೇಡಿ. ವಿಚಿತ್ರ ಅಂದರೆ, ಬ್ಯಾನರ್ ಬರೆಯುವವರ ಕೆಲಸ ಹೋಗುತ್ತಿದ್ದ ಅದೇ ಹೊತ್ತಿಗೆ ಬ್ಯಾನರ್ ಶೈಲಿಗೆ ಗ್ಯಾಲರಿಗಳಲ್ಲಿ ಬೆಲೆ ಬಂತು. ಗುಲಾಬಿ ಕೆನ್ನೆ, ನೀಲಿ ನೆರಳು, ದಪ್ಪ ಅಕ್ಷರ, ಎಲ್ಲ ದೇಶೀ ಸೊಗಡು ಎನ್ನಿಸಿಕೊಂಡವು.

ನಮ್ಮ ಬೀದಿಯ ಕೊನೆಯಲ್ಲಿ ಅಂಥ ಒಬ್ಬರಿದ್ದಾರೆ. ಎಲ್ಲರಿಗೂ ಅವರು 'ಪೇಂಟರ್ ಅಣ್ಣ'. ಈಗ ನಂಬರ್ ಪ್ಲೇಟು, ಅಂಗಡಿ ಬೋರ್ಡು ಬರೆಯುತ್ತಾರೆ. ಕೆಲವು ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆ ಅವರಿಂದ ದೊಡ್ಡ ಪರದೆ ಬರೆಸಿಕೊಂಡಿದ್ದರು. ದಿನಗೂಲಿ ಲೆಕ್ಕದಲ್ಲಿ, ಎಂಟು ದಿನ. 'ಎಲ್ಲಿ ಹಾಕವ್ರೆ ನೋಡ್ಬೇಕು ಸಾರ್, ಒಬ್ನೇ ಹೋಗಕ್ಕೆ ಒಂಥರಾ ಆಯ್ತದೆ' ಅಂದಿದ್ದಕ್ಕೆ ನಾನೂ ಜೊತೆಗೆ ಹೋದೆ. ತಂಪು ಕೋಣೆ, ಬಿಳಿ ಗೋಡೆ. ಪರದೆಯ ಮುಂದೆ ಒಂದು ಹಳೇ ಸ್ಕೂಟರು, ಮೇಲಿಂದ ನೀಲಿ ಬೆಳಕು. ಜನ ಪಿಸುಗುಡುತ್ತಾ ನೋಡುತ್ತಿದ್ದರು. ಪೇಂಟರ್ ಅಣ್ಣ ಕೈ ಹಿಂದೆ ಕಟ್ಟಿಕೊಂಡು ತಾವೇ ಬರೆದ ಮೋಡಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಚಿಕ್ಕ ಲೇಬಲ್ ಹತ್ತಿರ ಹೋದರು. ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಕೊನೆಗೆ ಯಾವ ಯಾವುದರಿಂದ ಮಾಡಿದ್ದು ಎನ್ನುವ ಜಾಗದಲ್ಲಿ ಎರಡು ಪದ: ಮಿಶ್ರ ಮಾಧ್ಯಮ.

"ಸಾರ್, ಈ ಮಿಶ್ರ ಮಾಧ್ಯಮ ಅಂದ್ರೆ ನಾನಾ?" ಅಂದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಇನ್ನೂ ಬಗ್ಗಿ, ಕಣ್ಣು ಕಿರಿದು ಮಾಡಿ ಲೇಬಲ್ ನೋಡುತ್ತಿದ್ದರು. "ಅಕ್ಷರ ಸರಿಯಾಗಿ ಕೂತಿಲ್ಲ. ಒತ್ತು ಒಂಚೂರು ಕೆಳಗೆ ಬರ್ಬೇಕಿತ್ತು."